ಕೆಮ್ಮರರ್ ಕಲ್ಲಿನಿಂದ ಒಂದು ಡಿಪ್ಲೊಮಿಸ್ಟಸ್ ಬಿಡಿಸಿದ ಕೆಲಸ: ಹಂತ ಹಂತದ ಟಿಪ್ಪಣಿ

ಸುಣ್ಣಕಲ್ಲಿನ ಚಪ್ಪಡಿಯೊಳಗೆ ಪಳೆಯುಳಿಕೆಯಾಗಿ ಹುದುಗಿದ್ದ ಸಿಹಿನೀರಿನ ಮೀನೊಂದನ್ನು ಮನೆಯ ಮೇಜಿನ ಮೇಲೆ ಕೈ ಉಪಕರಣಗಳಿಂದಲೇ ಬಿಡಿಸಿದೆ. ತಲೆಯ ಒಂದು ಭಾಗ ಬಿಟ್ಟರೆ ಕೆಲಸ ಮುಗಿದಿದೆ. ಮೀನಿನ ಹೆಸರು ಡಿಪ್ಲೊಮಿಸ್ಟಸ್ ಡೆಂಟೇಟಸ್, ವಯಸ್ಸು ಸುಮಾರು 5.2 ಕೋಟಿ ವರ್ಷ. ಶುರು ಮಾಡುವಾಗ ಇದನ್ನು ಅದೇ ಕಲ್ಲಿನಲ್ಲಿ ಸಿಗುವ ನೈಟಿಯಾ ಎಂಬ ಇನ್ನೊಂದು ಮೀನು ಎಂದುಕೊಂಡಿದ್ದೆ. ಅರ್ಧ ದಾರಿಯಲ್ಲಿ ಗುದದ ಈಜುರೆಕ್ಕೆ (ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ ಕೆಳಬದಿಯಲ್ಲಿರುವುದು) ಹೊರಬಂದಾಗ ಆ ಹೆಸರು ಬಿದ್ದುಹೋಯಿತು. ಈ ಎರಡು ಮೀನುಗಳನ್ನು ಬೇರೆ ಮಾಡುವ ಗುರುತುಗಳೆಲ್ಲ ದೇಹದ ಅಂಚಿನಲ್ಲಿವೆ: ಬೆನ್ನಿನ ಗೆರೆ, ಹೊಟ್ಟೆಯ ಗೆರೆ, ರೆಕ್ಕೆಯ ಬುಡ. ಅವಸರದಲ್ಲಿ ಕೆರೆಯುವವರ ಕೈಯಲ್ಲಿ ಮೊದಲು ಹಾರಿಹೋಗುವುದೂ ಇವೇ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನೆರವಾಗಲಿ ಎಂದು ಬರೆದಿಡುತ್ತಿದ್ದೇನೆ.

1. ಕಲ್ಲು

ನಾನಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ವಯೋಮಿಂಗ್ ರಾಜ್ಯದ ಕೆಮ್ಮರರ್ ಊರಿಗೆ ಕಾರಿನಲ್ಲಿ ಎರಡು ಗಂಟೆಯ ಆಸುಪಾಸು ದಾರಿ. ಈಗ ಒಣ ಗುಡ್ಡಗಳಿರುವ ಆ ಜಾಗದಲ್ಲಿ ಇಯೊಸೀನ್ ಯುಗದಲ್ಲಿ ಒಂದು ಸರೋವರವಿತ್ತು. ಹಸಿರು ನದಿ ಶಿಲಾಸ್ತರ, ಅಂದರೆ ಗ್ರೀನ್ ರಿವರ್ ಫಾರ್ಮೇಶನ್, ರೂಪುಗೊಂಡ ಮೂರು ಸರೋವರಗಳಲ್ಲಿ ಇದೇ ಚಿಕ್ಕದು. ಇದಕ್ಕೆ ಫಾಸಿಲ್ ಲೇಕ್ ಎಂದು ಹೆಸರಿಟ್ಟಿದ್ದಾರೆ. ಉಳಿದೆರಡು ಗೊಸಿಯೂಟ್ ಮತ್ತು ಯೂಂಟಾ.

ಮೊದಲು ಕಾನೂನು. 1972ರಲ್ಲಿ ಸ್ಥಾಪನೆಯಾದ ಫಾಸಿಲ್ ಬ್ಯೂಟ್ ರಾಷ್ಟ್ರೀಯ ಸ್ಮಾರಕದ ಒಳಗೆ ಒಂದು ಚಕ್ಕೆಯನ್ನೂ ಎತ್ತುವಂತಿಲ್ಲ. ಒಕ್ಕೂಟ ಸರ್ಕಾರದ ಬೇರೆ ಜಮೀನಿನಲ್ಲೂ ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ತೆಗೆಯುವುದು ಅಪರಾಧ. ನಾನು ಕೊಂಡದ್ದು ಖಾಸಗಿ ಕಲ್ಲುಕೋರೆಯ ಚಪ್ಪಡಿ. ರಸೀದಿಯನ್ನು ಕಲ್ಲಿನ ಜೊತೆಯಲ್ಲೇ ಇಟ್ಟಿದ್ದೇನೆ. ನೀವೂ ಇಡಿ. ಮುಂದೆ ಯಾರಾದರೂ ಅಭ್ಯಾಸಕ್ಕೆ ಕೇಳಿದರೆ ಎಲ್ಲಿಯದು, ಯಾವ ಪದರದ್ದು ಎಂದು ಹೇಳಲಾಗದ ಮೀನಿನ ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ. ನಾನು ಹೇಳುತ್ತಿರುವುದು ದುಡ್ಡಿನ ಬೆಲೆಯಲ್ಲ, ತಿಳಿವಳಿಕೆಯ ಬೆಲೆ.

ಅಲ್ಲಿ ಮೀನು ಸಿಗುವ ಪದರಗಳು ಮುಖ್ಯವಾಗಿ ಎರಡು. ಒಂದರಲ್ಲಿ ಕಲ್ಲು ಸೀಳಿದರೆ ಮೀನಿನ ಮೈಯ ಮಟ್ಟಕ್ಕೇ ಸೀಳುತ್ತದೆ, ಎಲುಬು ಕಿತ್ತಳೆ ಕಂದು ಬಣ್ಣದಲ್ಲಿ ಅಲ್ಲೇ ಕಾಣುತ್ತದೆ. ಹಾಗೆ ಸೀಳಿದಾಗ ಎಲುಬಿನ ಒಂದಿಷ್ಟು ಭಾಗ ಆಚೆ ಹಲಗೆಗೂ ಅಂಟಿ ಹೋಗುತ್ತದೆ. ಇನ್ನೊಂದನ್ನು ಹದಿನೆಂಟು ಇಂಚಿನ ಪದರ ಎನ್ನುತ್ತಾರೆ. ಅದರ ದಪ್ಪ ಸುಮಾರು 45 ಸೆಂ.ಮೀ. ಇಲ್ಲಿ ಮೀನು ಕಪ್ಪುಕಂದು, ಎಲುಬು ಗಟ್ಟಿ, ಆದರೆ ಮೇಲೊಂದು ತೆಳು ಕಲ್ಲಿನ ಹೊದಿಕೆ ಉಳಿದಿರುತ್ತದೆ. ಹೊದಿಕೆಯ ಕೆಳಗೆ ಮೀನು ಇದೆಯೇ ಎಂದು ತಿಳಿಯಲು ಕೋರೆಯವರು ರಾತ್ರಿ ಹೊತ್ತು ದೀಪವನ್ನು ನೆಲಮಟ್ಟದಲ್ಲಿಟ್ಟು, ಬೆನ್ನೆಲುಬಿನ ಉಬ್ಬಿನ ನೆರಳು ಹುಡುಕುತ್ತಾರೆ. ನನ್ನದು ಈ ಎರಡನೆಯ ಪದರದ್ದು. ಅಳತೆ 24 × 17 ಸೆಂ.ಮೀ., ದಪ್ಪ 14 ಮಿ.ಮೀ., ಬೆಲೆ 45 ಡಾಲರ್. ಮೇಲೆ ಪೆನ್ಸಿಲ್‌ನಲ್ಲಿ ಒಂದು ಅಂಡಾಕಾರ ಎಳೆದು "ಹೆರಿಂಗ್" ಎಂದು ಬರೆದಿತ್ತು. ಹೆರಿಂಗ್ ಒಂದು ಮೀನಿನ ಬಳಗದ ಹೆಸರು, ಅಲ್ಲಿ ಹಾಗೆಂದರೆ ನೈಟಿಯಾವೂ ಆಗಬಹುದು, ಡಿಪ್ಲೊಮಿಸ್ಟಸೂ ಆಗಬಹುದು. ಆ ಸರೋವರದ ಕಲ್ಲಿನಲ್ಲಿ ರಾಶಿ ರಾಶಿ ಸಿಗುವುದು ನೈಟಿಯಾ, ವಯೋಮಿಂಗ್‌ನ ರಾಜ್ಯ ಪಳೆಯುಳಿಕೆ ಕೂಡ ಅದೇ. ಹಾಗಾಗಿ ನಾನೂ ಅದನ್ನೇ ಊಹಿಸಿದೆ.

2. ಒಣಗಿಸುವುದು, ಬಿರುಕು ಕಟ್ಟುವುದು

ಕೋರೆಯಿಂದ ಹೊಸದಾಗಿ ಬಂದ ಕಲ್ಲಿನಲ್ಲಿ ತೇವ ಇರುತ್ತದೆ. ಬಿಸಿಲಿಗೋ ಹೀಟರ್ ಪಕ್ಕಕ್ಕೋ ಇಟ್ಟರೆ ಮೇಲ್ಪದರ ಬೇಗ ಒಣಗಿ ಎದ್ದು ಬರುತ್ತದೆ. ಗ್ಯಾರೇಜಿನ ನೆರಳಿನಲ್ಲಿ, ಹಳೆಯ ದಿನಪತ್ರಿಕೆಯ ಮೇಲೆ, ಎರಡು ಮರದ ಪಟ್ಟಿಗಳ ಆಸರೆ ಕೊಟ್ಟು ಕೆಲವು ವಾರ ಬಿಟ್ಟೆ. ತೂಕ ಇಳಿಯುವುದು ನಿಂತ ಮೇಲೆ ಕೈ ಹಾಕಿದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಕು.

ಚಪ್ಪಡಿಯ ಒಂದು ಮೂಲೆಯಿಂದ ಮೀನಿನ ಬಾಲದ ಕಡೆಗೆ ಕೂದಲೆಳೆಯಂಥ ಬಿರುಕಿತ್ತು. ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಹರಳನ್ನು ಅಸಿಟೋನಿನಲ್ಲಿ ಕರಗಿಸಿ ಅಂಟು ಮಾಡಿಕೊಂಡೆ. ಮೊದಲು 100 ಮಿ.ಲೀ. ದ್ರಾವಣಕ್ಕೆ 20 ಗ್ರಾಂ ಲೆಕ್ಕದಲ್ಲಿ ಕಲಸಿದ್ದು ಬಿರುಕಿನೊಳಗೆ ಇಳಿಯದೆ ಮೇಲೆಯೇ ಗಾಜಿನಂತೆ ಕೂತಿತು. ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಪೂರ್ತಿ ಹೋಗುತ್ತದೆ, ಈ ಅಂಟನ್ನು ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದೇ ಆ ಕಾರಣಕ್ಕೆ. ಆಮೇಲೆ 5 ಗ್ರಾಂ ಲೆಕ್ಕದ ತೆಳು ದ್ರಾವಣವನ್ನು ಡ್ರಾಪರ್‌ನಲ್ಲಿ ಬಿರುಕಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟೆ. ಕಲ್ಲು ತಾನೇ ಎಳೆದುಕೊಂಡಿತು. ಒಂದು ದಿನ ಒಣಗಲು ಬಿಟ್ಟು, ಮತ್ತೆ ಹನಿಸಿ, ಹಿಂಬದಿಗೆ ಮಾತ್ರ ಗಟ್ಟಿ ಅಂಟಿನ ಪಟ್ಟಿ ಕೊಟ್ಟೆ. ಅಸಿಟೋನ್ ಕೆಲಸವನ್ನು ಗ್ಯಾರೇಜ್ ಬಾಗಿಲು ತೆರೆದೇ ಮಾಡಬೇಕು. ಹತ್ತಿರ ಒಲೆ, ಹೀಟರ್ ಏನೂ ಉರಿಯಬಾರದು.

3. ಉಪಕರಣ

ಕಾರ್ಬೈಡ್ ಸೂಜಿ ಸಿಕ್ಕಿಸುವ ಪಿನ್ ವೈಸ್, ಸಣ್ಣ ಬ್ಲೇಡ್ ಹಿಡಿಕೆ ಮತ್ತು ಬ್ಲೇಡ್‌ಗಳು, ಮೃದು ಪೇಂಟ್ ಬ್ರಷ್, ರಬ್ಬರ್ ಗಾಳಿಬುಗ್ಗೆ, ತಲೆಗೆ ಕಟ್ಟುವ ಭೂತಗನ್ನಡಿ, ಕತ್ತು ಬಾಗುವ ಎಲ್‌ಇಡಿ ದೀಪ, ಎನ್-95 ಮಾಸ್ಕ್. ಮೇಜಿನ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲವನ್ನಿಟ್ಟು ಕಲ್ಲನ್ನು ಅದರ ಮೇಲೆ ಕೂರಿಸಿದೆ. ಒತ್ತಿದಾಗ ಚಪ್ಪಡಿಯ ಅಡಿ ಎಲ್ಲೂ ಟೊಳ್ಳು ಇರಬಾರದು, ಇದ್ದರೆ ಅಲ್ಲೇ ಮುರಿಯುತ್ತದೆ.

ದೀಪದ ಬಗ್ಗೆ ಒಂದು ಮಾತು. ಮೇಲಿಂದ ಬೀಳುವ ಬೆಳಕು ಈ ಕೆಲಸಕ್ಕೆ ನಿಷ್ಪ್ರಯೋಜಕ. ಕಲ್ಲಿನ ಮೈಗೆ ಸವರುವಂತೆ ಪಕ್ಕದಿಂದ ಬೆಳಕು ಬಿಟ್ಟು, ಕಲ್ಲನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಬೆನ್ನೆಲುಬಿನ ಸಾಲು, ತಲೆಯ ಗುಪ್ಪೆ, ಬಾಲದ ಬುಡ ಎಲ್ಲ ನೆರಳಾಗಿ ಏಳುತ್ತವೆ. ನಾಲ್ಕು ದಿಕ್ಕಿನಿಂದಲೂ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಉಬ್ಬಿನ ಉದ್ದ 13 ಸೆಂ.ಮೀ. ಹತ್ತಿರ ಬಂತು. ಇನ್ನೊಂದು ಉಪಾಯ: ಬ್ರಷ್‌ನಲ್ಲಿ ಐಸೋಪ್ರೊಪಿಲ್ ಆಲ್ಕೋಹಾಲ್ ಸವರಿದರೆ ತೆಳು ಹೊದಿಕೆಯ ಕೆಳಗಿನ ಕಪ್ಪು ಕೆಲವು ಕ್ಷಣ ಕಾಣುತ್ತದೆ, ಆರಿದ ಕೂಡಲೇ ಮಾಯ. ಆ ಕ್ಷಣದಲ್ಲೇ ಪೆನ್ಸಿಲ್ ಚುಕ್ಕೆ ಇಟ್ಟುಕೊಂಡೆ.

4. ನಡುವಿನಿಂದ ಶುರು

ತಲೆಯಿಂದ ಶುರು ಮಾಡಬೇಡಿ. ತಲೆಯ ಎಲುಬುಗಳು ಕಾಗದದಷ್ಟು ತೆಳು, ಒಂದರ ಮೇಲೊಂದು ಕುಸಿದು ಕೂತಿರುತ್ತವೆ. ಕೈಗೆ ಆ ಕಲ್ಲಿನ ಹದ ಗೊತ್ತಾಗುವ ಮೊದಲು ಅಲ್ಲಿಗೆ ಹೋಗಬಾರದು. ಬೆನ್ನೆಲುಬಿನ ನಡುಭಾಗವೇ ಎಲ್ಲಕ್ಕಿಂತ ಗಟ್ಟಿ. ನಾನು ಅಲ್ಲಿ 2 ಸೆಂ.ಮೀ. ಉದ್ದದ ಕಿಟಕಿ ತೆರೆದು ಬಾಲದ ಕಡೆಗೆ ಸಾಗಿದೆ.

ಈ ಸುಣ್ಣಕಲ್ಲು ತೆಳು ತೆಳು ಪದರಗಳದ್ದು. ನಡುನಡುವೆ ಎಣ್ಣೆಯಂಶವಿರುವ ಕಂದು ಗೆರೆಗಳಿವೆ. ಕೆರೆದಾಗ ಮಂದವಾಗಿ ಸೀಮೆಎಣ್ಣೆಯ ವಾಸನೆ ಬರುತ್ತದೆ. ಬ್ಲೇಡನ್ನು ಬಹುತೇಕ ಮಲಗಿಸಿ ತಳ್ಳಿದರೆ ಪದರ ಚಕ್ಕೆಯಾಗಿ ಏಳುತ್ತದೆ. ಎಲುಬಿಗೆ 1 ಮಿ.ಮೀ. ಉಳಿದಾಗ ಬ್ಲೇಡ್ ಬಿಟ್ಟು ಸೂಜಿ ಹಿಡಿಯಬೇಕು. ಸೂಜಿಯ ಚಲನೆ ಯಾವಾಗಲೂ ಎಲುಬಿನ ಉದ್ದಕ್ಕೇ ಇರಲಿ. ಪಕ್ಕೆಲುಬಿಗೆ ಅಡ್ಡವಾಗಿ ಎಳೆದರೆ ಅದು ಸೂಜಿಯ ಜೊತೆಗೇ ಹೊರಡುತ್ತದೆ. ಎಲುಬು ಕಪ್ಪು, ಕಲ್ಲು ಕೆನೆ ಬಣ್ಣ. ಆದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಕಲ್ಲಿನಲ್ಲಿ ಸೂಜಿ ಕರಕರ ಎನ್ನುತ್ತದೆ, ಎಲುಬು ತಾಗಿದಾಗ ಜಾರುತ್ತದೆ.

ಬೇಗ ಆಗಲಿ ಎಂದು 27 ಡಾಲರ್ ಕೊಟ್ಟು ವಿದ್ಯುತ್ ಕೆತ್ತನೆ ಪೆನ್ನೊಂದನ್ನು ತಂದಿದ್ದೆ. ಗಾಜಿನ ಮೇಲೆ ಹೆಸರು ಕೆತ್ತುವಂಥದ್ದು. ಬೆನ್ನೆಲುಬಿನಿಂದ 3 ಸೆಂ.ಮೀ. ದೂರದ ಖಾಲಿ ಜಾಗದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪಕ್ಕೆಲುಬಿನ ಹತ್ತಿರ ತಂದಾಗ ಅದರ ನಡುಕ ಪದರದ ಮೂಲಕ ಹರಿದು, ತುದಿ ಮುಟ್ಟದ ಜಾಗದಲ್ಲೇ ಎರಡು ಪಕ್ಕೆಲುಬಿನ ಕೊನೆ ಚಿಮ್ಮಿದವು. ಒಂದು ತುಣುಕು ಬಟ್ಟೆಚೀಲದ ಮಡಿಕೆಯಲ್ಲಿ ಸಿಕ್ಕಿತು, ತೆಳು ಬಿ-72 ಹನಿಯಿಂದ ಕೂರಿಸಿದೆ. ಇನ್ನೊಂದು ಸಿಗಲಿಲ್ಲ. ಅದರ ಜಾಗದಲ್ಲಿ ಕಲ್ಲಿನಲ್ಲಿ ಮೂಡಿದ ಅಚ್ಚು ಮಾತ್ರ ಇದೆ. ಗಾಳಿಯೊತ್ತಡದಿಂದ ನಡೆಯುವ ಏರ್ ಸ್ಕ್ರೈಬ್ ಬೇರೆ ವಸ್ತು, ಅದರ ಬಡಿತ ಸಣ್ಣದು, ಪ್ರಯೋಗಾಲಯಗಳಲ್ಲಿ ಅದನ್ನೇ ಬಳಸುತ್ತಾರೆ. ಅದಕ್ಕೆ ಕಂಪ್ರೆಸರ್ ಬೇಕು, ಖರ್ಚು ನೂರಾರು ಡಾಲರ್. ಅದಿಲ್ಲದಿದ್ದರೆ ಕೈ ಸೂಜಿಯೇ ಸರಿ, ನಡುವೆ ಅಗ್ಗದ ದಾರಿ ಇಲ್ಲ.

ವಿನೆಗರ್ ಹಾಕಿದರೆ ಸುಣ್ಣಕಲ್ಲು ಕರಗಿ ಎಲುಬು ಉಳಿಯುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ದಪ್ಪ ಎಲುಬಿಗೆ, ಹಿಂದೆ ರಾಳದ ಆಸರೆ ಕೊಟ್ಟು, ಪರಿಣತರು ಆಮ್ಲ ಬಳಸುವುದುಂಟು. ಇಲ್ಲಿ ಎಲುಬನ್ನು ಜೋಡಿಸಿ ಹಿಡಿದಿರುವುದೇ ಕೆಳಗಿನ ಸುಣ್ಣಕಲ್ಲು. ಅದು ಕರಗಿದರೆ ಪಕ್ಕೆಲುಬು, ರೆಕ್ಕೆಯ ಕಡ್ಡಿ ಎಲ್ಲ ಸಡಿಲಾಗಿ ನೀರಿನಲ್ಲಿ ತೇಲುತ್ತವೆ. ನಾನು ಹತ್ತಿರಕ್ಕೂ ತರಲಿಲ್ಲ.

5. ಹೊಟ್ಟೆಯ ಅಂಚು, ಜೊತೆಗೊಂದು ಬೂತಾಯಿ

ಬೆನ್ನೆಲುಬಿನಿಂದ ಕೆಳಗಿಳಿದು ಪಕ್ಕೆಲುಬಿನ ಸಾಲು ಮುಗಿಸುವ ಹೊತ್ತಿಗೆ ಒಂದು ತೊಡಕು ಬಂತು. ಪಕ್ಕೆಲುಬುಗಳ ಕೆಳತುದಿಗಳ ನಡುವೆ, ಕೆಳಗಿನಿಂದ ಮೇಲಕ್ಕೆ ಏರುವ ಇನ್ನೊಂದು ಸಾಲು ಸಣ್ಣ ಕಡ್ಡಿಗಳು. ಮುರಿದ ಪಕ್ಕೆಲುಬುಗಳೋ, ಬೇರೆ ಮೀನಿನ ತುಂಡೋ ಎಂದು ತಿಳಿಯದೆ ಕೆಲಸ ನಿಲ್ಲಿಸಿದೆ. ಚಿತ್ರ ನೋಡಿ ಬಗೆಹರಿಯಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ಮೀನು ಬೇಕಿತ್ತು.

ಹೆರಿಂಗ್ ಬಳಗದ ಮೀನು ನಮ್ಮ ಕರಾವಳಿಯವರಿಗೆ ಹೊಸದೇನಲ್ಲ, ಬೂತಾಯಿ (ಸಾರ್ಡೀನ್) ಅದೇ ಬಳಗದ್ದು. ಇಲ್ಲಿಯ ಮಲಯಾಳಿ ಅಂಗಡಿಯಲ್ಲಿ ಮತ್ತಿ ಎಂಬ ಹೆಸರಿನಲ್ಲಿ ಫ್ರೀಜ್ ಮಾಡಿದ್ದು ಸಿಗುತ್ತದೆ, 6 ಡಾಲರಿನ ಒಂದು ಪೊಟ್ಟಣ ತಂದೆ. ಮುಳ್ಳು ಮುರಿಯದಂತೆ ಮಾಂಸ ತೆಗೆಯುವುದು ಹೇಗೆಂದು ಊರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. "ಕುದಿಸ್ಬೇಡ ಮಾರಾಯ, ಎಲ್ಲ ಬಿಟ್ಟು ಹೋಗ್ತದೆ. ಬಿಸಿನೀರು ಮೇಲಿಂದ ಹೊಯ್ದು ಮುಚ್ಚಿಡು, ಮತ್ತೆ ಬೆನ್ನಿನ ಬದಿಯಿಂದ ತೆಗಿ. ಹೊಟ್ಟೆ ಬದಿ ಕಡೆಗೆ" ಎಂದಳು. ಹಾಗೇ ಮಾಡಿದೆ. ಮೂರು ಮೀನುಗಳಲ್ಲಿ ಒಂದು ಅಖಂಡವಾಗಿ ಬಂತು, ಅದನ್ನು ಹಲ್ಲುಜ್ಜುವ ಮೆದು ಬ್ರಷ್‌ನಿಂದ ತೊಳೆದು ಕಾಗದದ ಮೇಲೆ ಒಣಗಿಸಿದೆ.

ಉತ್ತರ ಅದರ ಹೊಟ್ಟೆಯಲ್ಲಿತ್ತು. ಬೂತಾಯಿಯ ಹೊಟ್ಟೆಯ ಅಂಚಿನಲ್ಲಿ ಬಾಲದಿಂದ ತಲೆಯ ಕಡೆಗೆ ಬೆರಳು ಸವರಿದರೆ ಗರಗಸದ ಹಾಗೆ ಚುಚ್ಚುತ್ತದಲ್ಲ, ಆ ಒಂದೊಂದು ಹಲ್ಲೂ ಒಂದೊಂದು ಎಲುಬಿನ ತಗಡು. ಇದಕ್ಕೆ ಸ್ಕ್ಯೂಟ್ ಎನ್ನುತ್ತಾರೆ. ತಗಡಿನ ತುದಿ ಹಿಂದಕ್ಕೆ ಬಾಗಿದ ಮುಳ್ಳು, ಎರಡು ಬದಿಗೂ ಒಂದೊಂದು ತೋಳು ಮೇಲಕ್ಕೇರಿ ಪಕ್ಕೆಲುಬುಗಳ ಜೊತೆ ಸೇರುತ್ತದೆ. ಕಲ್ಲಿನಲ್ಲಿ ಮೀನು ಪಕ್ಕಕ್ಕೆ ಮಲಗಿ ಚಪ್ಪಟೆಯಾಗಿರುವುದರಿಂದ ಆ ತೋಳುಗಳು ಬಿಡಿ ಕಡ್ಡಿಗಳಂತೆ ಕಂಡಿದ್ದವು. ಗೊತ್ತಾದ ಮೇಲೆ ಹೊಟ್ಟೆಯ ಅಂಚಿನ ಕೆಲಸದ ದಿಕ್ಕೇ ಬದಲಾಯಿತು. ಅಂಚಿನ ಹೊರಗಿನಿಂದ ಒಳಕ್ಕೆ ಬರುವುದು ಬಿಟ್ಟು, ತೋಳಿನ ಮೇಲ್ತುದಿಯಿಂದ ಮುಳ್ಳಿನ ಕಡೆಗೆ ಇಳಿದೆ. ಮುಳ್ಳುಗಳೆಲ್ಲ ಜಾಗದಲ್ಲೇ ಉಳಿದವು.

ಹೊಟ್ಟೆಯ ಈ ತಗಡುಗಳು ಬೂತಾಯಿಗೂ ಇವೆ, ನೈಟಿಯಾಕ್ಕೂ ಇವೆ, ಡಿಪ್ಲೊಮಿಸ್ಟಸ್‌ಗೂ ಇವೆ. ಅಂದರೆ ಇಲ್ಲಿಯವರೆಗೆ ಹೇಳಬಹುದಾದದ್ದು, ರೆಕ್ಕೆಯಲ್ಲಿ ಎಲುಬಿನ ಕಡ್ಡಿಗಳಿರುವ ಮೀನು, ಅದರಲ್ಲಿ ಟಿಲಿಯೋಸ್ಟ್ (ಇಂದಿನ ಬಹುತೇಕ ಮೀನುಗಳು ಸೇರುವ ಗುಂಪು), ಅದರಲ್ಲಿ ಹೆರಿಂಗ್‌ಗಳ ದೊಡ್ಡ ಬಳಗ ಕ್ಲೂಪಿಯೋಮಾರ್ಫ. ಅಷ್ಟೇ.

6. ಗುದದ ಈಜುರೆಕ್ಕೆ: ಹೆಸರು ಬದಲಾದ ಜಾಗ

ಹೊಟ್ಟೆ ಮುಗಿಸಿ ಹಿಂದಕ್ಕೆ ಬಂದೆ. ನೈಟಿಯಾದ ಗುದದ ರೆಕ್ಕೆ ಗಿಡ್ಡ. ಅದರ ಬುಡ ಮುಗಿಯಬೇಕಾದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡು, ಅದರಾಚೆಯ ಕಲ್ಲನ್ನು ಬ್ಲೇಡಿನಿಂದ ಬೇಗ ತೆಗೆದುಬಿಡಬಹುದು ಎಂದು ಲೆಕ್ಕ ಹಾಕಿದ್ದೆ. ಹಾಗೆ ತೆಗೆಯುವ ಮೊದಲು ಅಭ್ಯಾಸದಂತೆ ಆಲ್ಕೋಹಾಲ್ ಸವರಿದೆ. ಗುರುತಿನ ಆಚೆಗೂ ಕಪ್ಪು ಚುಕ್ಕೆಗಳ ಸಾಲು ಬಾಲದ ಬುಡದವರೆಗೆ ಸಾಗಿತ್ತು. ಬ್ಲೇಡ್ ಕೆಳಗಿಟ್ಟು ಸೂಜಿ ಎತ್ತಿಕೊಂಡೆ.

ಪೂರ್ತಿ ಬಿಡಿಸಿದ ಮೇಲೆ ರೆಕ್ಕೆಯ ಬುಡದ ಉದ್ದ 28 ಮಿ.ಮೀ. ಬಾಲದ ರೆಕ್ಕೆ ಬಿಟ್ಟು ಮೀನಿನ ಉದ್ದ 106 ಮಿ.ಮೀ. ಅಂದರೆ ದೇಹದ ಕಾಲು ಭಾಗಕ್ಕಿಂತ ಹೆಚ್ಚು. ಇದು ನೈಟಿಯಾ ಆಗಲು ಸಾಧ್ಯವೇ ಇಲ್ಲ. ದೇಹದ ಅತಿ ಹೆಚ್ಚಿನ ಅಗಲ 41 ಮಿ.ಮೀ., ನೈಟಿಯಾ ಇಯೊಸೀನಾ ಇದಕ್ಕಿಂತ ಸಪೂರ. ನೈಟಿಯಾ ಆಲ್ಟಾ ಎಂಬ ಅಗಲ ದೇಹದ ಪ್ರಭೇದವೂ ಇದೆ, ಆದ್ದರಿಂದ ಅಗಲ ಒಂದನ್ನೇ ನಂಬುವಂತಿಲ್ಲ. ರೆಕ್ಕೆ ಮಾತ್ರ ಸಂಶಯಕ್ಕೆ ಎಡೆ ಕೊಡಲಿಲ್ಲ.

ಇಲ್ಲಿ ನನಗಾದ ಖುಷಿಯನ್ನು ಬರೆಯದೆ ಇರಲಾರೆ. ಕೊಂಡದ್ದು ರಾಶಿಯಲ್ಲಿ ಸಿಗುವ ಮೀನು, ಬಿಡಿಸಿದ್ದು ಅದನ್ನು ತಿನ್ನುತ್ತಿದ್ದ ಮೀನಿನ ಮರಿ. ಡಿಪ್ಲೊಮಿಸ್ಟಸ್ ಬೆಳೆದರೆ 65 ಸೆಂ.ಮೀ. ಮುಟ್ಟುತ್ತದೆ. ನೈಟಿಯಾವನ್ನು ನುಂಗುತ್ತಾ ಗಂಟಲಲ್ಲಿ ಸಿಕ್ಕಿಕೊಂಡು ಹಾಗೇ ಸತ್ತ ಡಿಪ್ಲೊಮಿಸ್ಟಸ್‌ಗಳು ಇದೇ ಕಲ್ಲುಗಳಲ್ಲಿ ಸಿಕ್ಕಿವೆ.

7. ಬೆನ್ನಿನ ತಗಡುಗಳು

ರೆಕ್ಕೆಯ ಸಾಕ್ಷಿ ಸಿಕ್ಕಿತೆಂದು ಸುಮ್ಮನಾಗುವ ಹಾಗಿಲ್ಲ, ಇನ್ನೊಂದು ಗುರುತು ಬೆನ್ನಿನ ಮೇಲಿತ್ತು. ತಲೆಯ ಹಿಂಬದಿಯಿಂದ ಬೆನ್ನಿನ ರೆಕ್ಕೆಯ ಬುಡದವರೆಗೆ ಇನ್ನೊಂದು ಸಾಲು ತಗಡುಗಳಿರುತ್ತವೆ. ನನ್ನ ಬೂತಾಯಿಯಲ್ಲಿ ಇವು ಇಲ್ಲ. ಆದರೆ ನೈಟಿಯಾದಲ್ಲಿ ಇವೆ, ಡಿಪ್ಲೊಮಿಸ್ಟಸ್‌ನಲ್ಲೂ ಇವೆ, ಆಸ್ಟ್ರೇಲಿಯಾದಲ್ಲಿ ಇಂದಿಗೂ ಬದುಕಿರುವ ಪೊಟಮಲೋಸಾ ಎಂಬ ಸಿಹಿನೀರಿನ ಹೆರಿಂಗ್‌ನಲ್ಲೂ ಇವೆ. ಬೆನ್ನು ಹೊಟ್ಟೆ ಎರಡೂ ಕಡೆ ಕವಚವಿರುವ ಮೀನುಗಳೆಲ್ಲ ಹತ್ತಿರದ ಸಂಬಂಧಿಗಳು ಎಂದು ಹಿಂದೆ ನಂಬಿದ್ದರು. ಆದ್ದರಿಂದ ತಗಡು ಇದೆಯೇ ಎಂದು ಕೇಳಿದರೆ ಸಾಲದು, ಅದರ ಆಕಾರ ಹೇಗಿದೆ ಎಂದು ನೋಡಬೇಕು. ಡಿಪ್ಲೊಮಿಸ್ಟಸ್‌ನ ಬೆನ್ನಿನ ತಗಡು ಉದ್ದಕ್ಕಿಂತ ಅಗಲ ಹೆಚ್ಚು, ಹಿಂದಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿರುತ್ತದೆ.

ಇಡೀ ಕೆಲಸದಲ್ಲಿ ನಿಧಾನಕ್ಕೆ ಸಾಗಿದ್ದು ಈ 3 ಸೆಂ.ಮೀ. ತಗಡುಗಳು ಬೆನ್ನಿನ ಅಂಚಿನಲ್ಲಿ ಒಂದರ ಮೇಲೊಂದು ಒರಗಿದ್ದವು. ಹಲ್ಲುಗಳ ನಡುವಿನ ಕಲ್ಲನ್ನು ತೆಗೆಯಲು ಕಾರ್ಬೈಡ್ ಸೂಜಿಯ ತುದಿ ದಪ್ಪವಾಯಿತು. ಮಣಿ ಪೋಣಿಸುವ ಉಕ್ಕಿನ ಸೂಜಿ ಸಿಕ್ಕಿಸಿದೆ, ಅದು ಬೇಗ ಮೊಂಡಾಗುತ್ತದೆ, ನುಣುಪು ಸ್ಯಾಂಡ್‌ಪೇಪರ್ ಪಕ್ಕದಲ್ಲಿಟ್ಟುಕೊಂಡು ಆಗಾಗ ಉಜ್ಜಬೇಕು. ಪ್ರತಿ ತಗಡು ಬಿಡಿಸಿದ ಕೂಡಲೇ ತೆಳು ಬಿ-72ರ ಒಂದು ಹನಿ. ಎರಡು ತಗಡುಗಳಲ್ಲಿ ಹಲ್ಲು ಸ್ಪಷ್ಟವಾಗಿ ಕಂಡ ಮೇಲೆ ನಿಲ್ಲಿಸಿದೆ, ಉಳಿದವುಗಳ ನಡುವಿನ ಕಲ್ಲು ಹಾಗೇ ಇರಲಿ. ಗುರುತು ಸಿಗಲು ಬೇಕಾದಷ್ಟು ಬಿಡಿಸಿದರೆ ಸಾಕು.

ವರ್ಗೀಕರಣದ ಲೆಕ್ಕ ಈಗ ಹೀಗೆ. ಡಿಪ್ಲೊಮಿಸ್ಟಸ್ ಡೆಂಟೇಟಸ್ ಎಂದು 1877ರಲ್ಲಿ ಹೆಸರಿಟ್ಟವರು ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಎಡ್ವರ್ಡ್ ಡ್ರಿಂಕರ್ ಕೋಪ್. ನೈಟಿಯಾ ಎಂಬ ಕುಲಕ್ಕೆ ಹೆಸರಿಟ್ಟವರು ಮೀನುಗಳ ತಜ್ಞ ಡೇವಿಡ್ ಸ್ಟಾರ್ ಜೋರ್ಡನ್, 1907ರಲ್ಲಿ, ವಯೋಮಿಂಗ್‌ನ ಭೂವಿಜ್ಞಾನಿ ವಿಲ್ಬರ್ ನೈಟ್ ಅವರ ನೆನಪಿಗೆ. ಎರಡನ್ನೂ 1982ರಲ್ಲಿ ಹೊಸದಾಗಿ ಪರಿಶೀಲಿಸಿದವರು ಪಳೆಯುಳಿಕೆ ಮೀನುಗಳ ತಜ್ಞ ಲ್ಯಾನ್ಸ್ ಗ್ರ್ಯಾಂಡಿ. ನೈಟಿಯಾ ಇಂದಿನ ಹೆರಿಂಗ್‌ಗಳ ಗಣವಾದ ಕ್ಲೂಪಿಯಿಫಾರ್ಮಿಸ್‌ನಲ್ಲೇ ಉಳಿಯಿತು. ಡಿಪ್ಲೊಮಿಸ್ಟಸ್‌ಗಾಗಿ ಅವರು ಎಲ್ಲಿಮ್ಮಿಕ್ತಿಯಿಫಾರ್ಮಿಸ್ ಎಂಬ ಬೇರೆ ಗಣವನ್ನೇ ಕಟ್ಟಿದರು. ಆ ಗಣದ ಮೀನುಗಳು ಬ್ರೆಜಿಲ್, ಲೆಬನಾನ್ ಮುಂತಾದ ಕಡೆಯ ಕ್ರಿಟೇಷಿಯಸ್ (ಇಯೊಸೀನ್‌ಗಿಂತ ಹಳೆಯ, ಡೈನೋಸಾರ್‌ಗಳ ಕಾಲದ) ಕಲ್ಲುಗಳಲ್ಲೂ ಸಿಗುತ್ತವೆ, ಲೆಬನಾನಿನವು ಸಮುದ್ರದವು. ಇಂದು ಆ ಗಣದ ಒಂದು ಮೀನೂ ಬದುಕಿಲ್ಲ. ನಮ್ಮ ಬೂತಾಯಿಗೆ ನೈಟಿಯಾ ಹತ್ತಿರದ ನೆಂಟ, ಪಕ್ಕದಲ್ಲೇ ಈಜುತ್ತಿದ್ದ ಡಿಪ್ಲೊಮಿಸ್ಟಸ್ ದೂರದವನು. ಒಂದೇ ಸರೋವರ, ಒಂದೇ ಕೆಸರು, ಮೇಲ್ನೋಟಕ್ಕೆ ಒಂದೇ ರೂಪ.

8. ಬಾಲ

ಬಾಲ ಸಲೀಸಾಗಿ ಆಯಿತು. ಕವಲೊಡೆದ ರೆಕ್ಕೆಯ ಮೇಲಿನ ಕೆಳಗಿನ ಎಸಳು ಸಮ. ಒಳಗೆ ಮಾತ್ರ ಬೆನ್ನೆಲುಬಿನ ಕೊನೆಯ ಮಣಿಗಳು ಮೇಲಕ್ಕೆ ಬಾಗಿ, ಅವುಗಳ ಕೆಳಗೆ ಬೀಸಣಿಗೆ ಆಕಾರದಲ್ಲಿ ಚಪ್ಪಟೆ ಎಲುಬುಗಳು ಹರಡಿ ರೆಕ್ಕೆಯ ಕಡ್ಡಿಗಳನ್ನು ಹೊತ್ತಿವೆ. ಹೊರಗೆ ಸಮ, ಒಳಗೆ ಓರೆ, ಇದು ಟಿಲಿಯೋಸ್ಟ್ ಮೀನುಗಳ ಬಾಲದ ಸಾಮಾನ್ಯ ರಚನೆ. ಒಣಗಿಸಿದ ಬೂತಾಯಿಯ ಬಾಲವನ್ನು ದೀಪದ ಎದುರು ಹಿಡಿದರೂ ಇದೇ ಕಾಣುತ್ತದೆ. ಮೊದಲು ಕಟ್ಟಿದ ಬಿರುಕು ಕೆಳಗಿನ ಎಸಳಿನ ತುದಿಯಲ್ಲಿ ಹಾದುಹೋಗಿದೆ, ಅಂಟು ಹಿಡಿದಿದೆ. ತುದಿಯ 4 ಮಿ.ಮೀ. ಕಡ್ಡಿಗಳು ಕಲ್ಲಿನಲ್ಲೇ ಇಲ್ಲ, ಕೊಳ್ಳುವಾಗಲೇ ಇರಲಿಲ್ಲ.

ಹೀಗೆ ಇಲ್ಲದಿರುವುದನ್ನು ಬಣ್ಣ ಬಳಿದು ತುಂಬಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾರುಕಟ್ಟೆಗೆ ಬರುವ ಎಷ್ಟೋ ಮೀನುಗಳಲ್ಲಿ ರೆಕ್ಕೆಯ ತುದಿ, ಪಕ್ಕೆಲುಬು ಕುಂಚದಿಂದ ಬಂದವು. ಗೋಡೆಗೆ ಅಂದ. ಆದರೆ ಆ ಮೀನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸಲು ಹೊರಟವರಿಗೆ ಅದು ಸುಳ್ಳು ಹೇಳುತ್ತದೆ. ನಾನು ಒಂದು ಗೆರೆಯನ್ನೂ ತುಂಬಿಲ್ಲ. ಕಳೆದುಹೋದ ಪಕ್ಕೆಲುಬಿನ ಜಾಗವೂ ಖಾಲಿಯಾಗಿಯೇ ಇದೆ.

9. ತಲೆ: ನಿಂತ ಜಾಗ

ಕೆಳದವಡೆ ಬಿಡಿಸಿದೆ. ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ, ನೀರಿನ ಮೇಲ್ಭಾಗದಲ್ಲಿ ಬೇಟೆಯಾಡುವ ಮೀನಿನ ಬಾಯಿ. ಕಿವಿರು ಮುಚ್ಚಳ ಒಂದೇ ತುಂಡಾಗಿ ಸಿಕ್ಕಿತು, ನಡುವೆ ಮೂರು ಕಡೆ ಬಿರಿದಿತ್ತು, ತೆಳು ಅಂಟು ಕುಡಿಸಿದ ಮೇಲೆ ಗಟ್ಟಿಯಾಯಿತು. ಕಣ್ಣಿನ ಗುಳಿಯ ಸುತ್ತಿನ ಎಲುಬುಗಳಲ್ಲಿ ಮುಂದಿನ ಅರ್ಧ ಆಗಿದೆ.

ಕಣ್ಣಿನ ಹಿಂದೆ ಸುಮಾರು 1 ಸೆಂ.ಮೀ. ಜಾಗ ಮುಟ್ಟದೆ ಬಿಟ್ಟಿದ್ದೇನೆ. ಅಲ್ಲಿ ಎಲುಬೂ ಕಲ್ಲೂ ಒಂದೇ ಕಂದು, ಸೂಜಿಗೆ ಎರಡರ ಹದವೂ ಒಂದೇ. ಜೊತೆಗೆ ವರ್ಗೀಕರಣಕ್ಕೆ ಬಹಳ ಮುಖ್ಯವಾದ ಜಾಗವೂ ಅದೇ. ಬದುಕಿರುವ ಹೆರಿಂಗ್‌ಗಳ ಗಣದಲ್ಲಿ ನೀರಿನ ಅಲುಗಾಟ ಗ್ರಹಿಸುವ ತಲೆಯ ಸಂವೇದನಾ ನಾಳಗಳು ಕಣ್ಣಿನ ಹಿಂದೆ, ಕಿವಿಯ ಭಾಗದ ಒಂದು ಗೂಡಿಗೆ ಬಂದು ಸೇರುತ್ತವೆ, ಅದಕ್ಕೆ ರೆಸೆಸಸ್ ಲ್ಯಾಟರಾಲಿಸ್ ಎಂದು ಹೆಸರು. ಡಿಪ್ಲೊಮಿಸ್ಟಸ್‌ನ ಗಣದಲ್ಲಿ ಆ ಗೂಡು ಇಲ್ಲ. ಚಪ್ಪಟೆಯಾಗಿ ಕುಸಿದ ತಲೆಯಲ್ಲಿ ಕೈ ಸೂಜಿ ಹಿಡಿದು ಅದನ್ನು ತೋರಿಸುತ್ತೇನೆ ಎನ್ನುವುದು ಆಗದ ಮಾತು. ಒಡೆಯುವುದು ಮಾತ್ರ ಖಂಡಿತ ಆಗುತ್ತದೆ. ಅಡುಗೆ ಸೋಡಾ ಪುಡಿಯನ್ನು ಕಡಿಮೆ ಗಾಳಿಯೊತ್ತಡದಲ್ಲಿ ಊದುವ ಯಂತ್ರ ಮತ್ತು ದೂಳು ಹೊರಬಾರದ ಪೆಟ್ಟಿಗೆ ಸಿಕ್ಕಿದರೆ ಆಗ ನೋಡುತ್ತೇನೆ. ಅಲ್ಲಿಯವರೆಗೆ ಆ ಕಲ್ಲೇ ಅದಕ್ಕೆ ರಕ್ಷಣೆ.

10. ಮುಗಿಸುವಿಕೆ, ಖರ್ಚು

ಎಲುಬಿನ ಮೇಲೆ ಮಾತ್ರ ಸಣ್ಣ ಬ್ರಷ್‌ನಿಂದ 3 ಗ್ರಾಂ ಲೆಕ್ಕದ ಬಿ-72 ಒಂದು ಸಲ ಸವರಿದೆ. ಕಲ್ಲಿಗೆ ವಾರ್ನಿಷ್ ಬೇಡ, ಹೊಳಪಿನಲ್ಲಿ ಪಕ್ಕದ ಬೆಳಕು ಚದುರಿ ಉಬ್ಬುತಗ್ಗು ಕಾಣದಂತಾಗುತ್ತದೆ. ಹಿಂಬದಿಗೆ ಶಾಯಿಯಲ್ಲಿ ಬರೆದದ್ದು: ಡಿಪ್ಲೊಮಿಸ್ಟಸ್ ಡೆಂಟೇಟಸ್, ಮರಿ. ಗ್ರೀನ್ ರಿವರ್ ಫಾರ್ಮೇಶನ್, ಫಾಸಿಲ್ ಬ್ಯೂಟ್ ಮೆಂಬರ್ (ಆ ಶಿಲಾಸ್ತರದ ಒಂದು ಭಾಗದ ಹೆಸರು, ರಾಷ್ಟ್ರೀಯ ಸ್ಮಾರಕವಲ್ಲ), ಹದಿನೆಂಟು ಇಂಚಿನ ಪದರ. ಲಿಂಕನ್ ಕೌಂಟಿ, ವಯೋಮಿಂಗ್. ಅಂಟು ಬಿ-72, ಬಣ್ಣ ಇಲ್ಲ, ಒಂದು ಪಕ್ಕೆಲುಬಿನ ತುದಿ ಕೆಲಸದಲ್ಲಿ ಹೋಗಿದೆ, ಕಣ್ಣಿನ ಹಿಂಭಾಗ ಬಿಡಿಸಿಲ್ಲ.

ಖರ್ಚು ಡಾಲರಿನಲ್ಲಿ: ಚಪ್ಪಡಿ 45, ಭೂತಗನ್ನಡಿ 38, ಕೆತ್ತನೆ ಪೆನ್ನು 27, ಬಿ-72 ಹರಳು 24, ಪಿನ್ ವೈಸ್ ಮತ್ತು ಸೂಜಿ 22, ದೀಪ 16, ಮಾಸ್ಕ್ 15, ಅಸಿಟೋನ್ 9, ಬ್ಲೇಡ್ 8, ಮೀನಿನ ಪೊಟ್ಟಣ 6. ಒಟ್ಟು 210. ಕೆತ್ತನೆ ಪೆನ್ನು ಕೊಳ್ಳದೆ ಇದ್ದರೆ 183ರಲ್ಲಿ ಮುಗಿಯುತ್ತದೆ, ಪಕ್ಕೆಲುಬಿನ ತುದಿಯೂ ಉಳಿಯುತ್ತದೆ. ಹೊಸಬರು ಮೊದಲ ಕಲ್ಲಾಗಿ ಕಿತ್ತಳೆ ಪದರದ ಸೀಳುಕಲ್ಲನ್ನೇ ತೆಗೆದುಕೊಂಡು ಸೂಜಿ ಅಭ್ಯಾಸ ಮಾಡುವುದು ಒಳ್ಳೆಯದು, ಅಲ್ಲಿ ಎಲುಬು ಎಲ್ಲಿದೆ ಎಂದು ಮೊದಲೇ ಕಾಣುತ್ತಿರುತ್ತದೆ. ಮತ್ತು ಗುದದ ರೆಕ್ಕೆಯ ಆಚೆಗಿನ ಕಲ್ಲನ್ನು ಆಲ್ಕೋಹಾಲ್ ಸವರಿ ನೋಡದೆ ತೆಗೆಯಬೇಡಿ.